ಕಾಲುವೆ ಬದಿಯ ಮರ, ಕಣದ ಹೊಟ್ಟು: ಒಂದನೇ ಕೀರ್ತನೆಯ ಹೀಬ್ರೂ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ಬೈಬಲಿನ ಒಂದನೇ ಕೀರ್ತನೆಯ ಸುತ್ತಲೇ ಇವೆ. ಓದದವರಿಗಾಗಿ ಅದರ ತಿರುಳು ಇಷ್ಟು: ದುಷ್ಟರ ಆಲೋಚನೆ ಕೇಳಿ ನಡೆಯದ, ಪಾಪಿಗಳ ದಾರಿಯಲ್ಲಿ ನಿಲ್ಲದ, ಗೇಲಿ ಮಾಡುವವರ ಜೊತೆ ಕೂರದ ಮನುಷ್ಯ ಧನ್ಯ. ದೇವರ ಬೋಧೆ ಅವನಿಗೆ ಇಷ್ಟ. ಹಗಲೂ ರಾತ್ರಿ ಅದರಲ್ಲೇ ಇರುತ್ತಾನೆ. ಅವನು ನೀರಿನ ಬದಿಯ ಮರದ ಹಾಗೆ, ಕಾಲಕ್ಕೆ ಸರಿಯಾಗಿ ಕಾಯಿ, ಬಾಡದ ಎಲೆ. ದುಷ್ಟರು ಗಾಳಿಗೆ ಹೋಗುವ ಹೊಟ್ಟು. ನ್ಯಾಯದ ಹೊತ್ತಿಗೆ ಎದ್ದು ನಿಲ್ಲಲಾರರು. ನೀತಿವಂತರ ದಾರಿ ದೇವರಿಗೆ ಗೊತ್ತು, ದುಷ್ಟರ ದಾರಿ ಅಳಿಯುತ್ತದೆ. ಆರು ವಚನ, ಹೀಬ್ರೂವಿನಲ್ಲಿ 67 ಪದ.

ಪ್ರಶ್ನೆ: ನನಗೆ ಹೀಬ್ರೂ ಅಕ್ಷರ ಒಂದೂ ಬಾರದು. ಕನ್ನಡ ಬೈಬಲ್ ಇದೆ, ಮನೆಯಲ್ಲಿ ಮಲಯಾಳದ್ದೂ ಇದೆ, ಮೊಬೈಲ್ ಇದೆ. ಮೂಲಪದಗಳ ಅರ್ಥ ನೋಡಲು ಎಲ್ಲಿಂದ ಶುರು ಮಾಡಲಿ?
— ಒಬ್ಬ ಓದುಗರು, ಮಂಜೇಶ್ವರ

ಉತ್ತರ: ಎರಡು ಭಾಷೆಯ ಬೈಬಲ್ ಮನೆಯಲ್ಲಿದ್ದರೆ ಅರ್ಧ ಕೆಲಸ ಆಯಿತು. ಈ ಒಂದು ವಿಷಯದಲ್ಲಿ ಗಡಿನಾಡಿನವರು ಬೆಂಗಳೂರಿನವರಿಗಿಂತ ಶ್ರೀಮಂತರು.

ಮೊದಲ ದಿನವೇ ನಿಘಂಟು ತೆರೆಯಬೇಡಿ. 67 ಪದಕ್ಕೂ ಅರ್ಥ ಹುಡುಕಲು ಹೊರಟವರು ಎರಡನೇ ವಚನಕ್ಕೇ ಸುಸ್ತಾಗುತ್ತಾರೆ. ಎರಡೂ ಬೈಬಲನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ವಚನ ಓದಿ. ಎಲ್ಲಿ ಕನ್ನಡ ಒಂದು ಹೇಳಿ ಮಲಯಾಳ ಇನ್ನೊಂದು ಹೇಳುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಇಬ್ಬರು ಅನುವಾದಕರು ಕವಲೊಡೆದ ಜಾಗದಲ್ಲಿ ಬಹುಮಟ್ಟಿಗೆ ಒಂದೇ ಪದಕ್ಕೆ ಸಿಕ್ಕದ ಹೀಬ್ರೂ ಪದ ಕೂತಿರುತ್ತದೆ. ಆಮೇಲೆ ಮರುಕಳಿಸುವ ಪದಗಳನ್ನು ಎಣಿಸಿ. ಈ ಕೀರ್ತನೆಯಲ್ಲಿ 'ರೆಶಾಯಿಮ್', ಅಂದರೆ ದುಷ್ಟರು, 4 ಸಲ ಬರುತ್ತದೆ. 'ದೆರೆಖ್', ಅಂದರೆ ದಾರಿ, 3 ಸಲ. 'ಲೋ', ಅಂದರೆ ಅಲ್ಲ ಅಥವಾ ಇಲ್ಲ, 6 ಸಲ. ಗೆರೆ ಎಳೆದದ್ದೂ ಎಣಿಸಿದ್ದೂ ಸೇರಿ ಹತ್ತರೊಳಗೆ ಪದಗಳು ಉಳಿಯುತ್ತವೆ. ಅಷ್ಟು ಸಾಕು.

ಇನ್ನು ಮೊಬೈಲ್. ಸ್ಟೆಪ್ ಬೈಬಲ್, ಬ್ಲೂ ಲೆಟರ್ ಬೈಬಲ್ ಎರಡೂ ಪುಕ್ಕಟೆ. ವಿವರಣೆ ಮಾತ್ರ ಇಂಗ್ಲಿಷಿನದು. ವಚನ ತೆರೆದು ಪದದ ಮೇಲೆ ಒತ್ತಿದರೆ ಒಂದು ಸಂಖ್ಯೆ ಸಿಗುತ್ತದೆ. ಜೇಮ್ಸ್ ಸ್ಟ್ರಾಂಗ್ ಎಂಬವರು 1890ರಲ್ಲಿ ಪ್ರಕಟಿಸಿದ ಪದಸೂಚಿಯ ಸಂಖ್ಯೆ ಅದು. ಮೂರನೇ ವಚನದ 'ನೆಡು' ಪದಕ್ಕೆ 8362, 'ಕಾಲುವೆ'ಗೆ 6388, ನಾಲ್ಕನೇ ವಚನದ 'ಹೊಟ್ಟಿ'ಗೆ 4671. ಅಕ್ಷರ ಬಾರದವರಿಗೆ ಈ ಸಂಖ್ಯೆಯೇ ಊರುಗೋಲು.

ಹೆಚ್ಚಿನವರು ಎಡವುವುದೂ ಇಲ್ಲೇ. ಸಂಖ್ಯೆಯ ಕೆಳಗೆ ಐದಾರು ಇಂಗ್ಲಿಷ್ ಪದಗಳ ಸಾಲು ಇರುತ್ತದೆ. ಅದು 1611ರ ಇಂಗ್ಲಿಷ್ ಬೈಬಲಿನಲ್ಲಿ ಆ ಪದವನ್ನು ಎಲ್ಲೆಲ್ಲಿ ಹೇಗೆ ಹೇಗೆ ಅನುವಾದಿಸಿದ್ದಾರೆ ಎಂಬ ಲೆಕ್ಕ. ಹೋಟೆಲಿನ ತಿಂಡಿಪಟ್ಟಿಯ ಹಾಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲು ಕೊಟ್ಟದ್ದಲ್ಲ, ಎಲ್ಲವನ್ನೂ ಒಟ್ಟಿಗೆ ತಟ್ಟೆಗೆ ಹಾಕಿಕೊಳ್ಳಲಂತೂ ಅಲ್ಲವೇ ಅಲ್ಲ. ಅದನ್ನು ದಾಟಿ, ಆ ಪದ ಬಂದ ವಚನಗಳ ಪಟ್ಟಿಗೆ ಹೋಗಿ. 'ನೆಡು' ಪದ ಇಡೀ ಹಳೆಯ ಒಡಂಬಡಿಕೆಯಲ್ಲಿ 10 ಸಲ, 'ಹೊಟ್ಟು' 8 ಸಲ. ಒಂದು ಸಂಜೆಗೆ ಎಲ್ಲ ಓದಿ ಮುಗಿಯುತ್ತದೆ. 'ದಾರಿ'ಯಂಥ ಪದ ನೂರಾರು ಕಡೆ ಬರುತ್ತದೆ. ಅದಕ್ಕೆ ಕೀರ್ತನೆಗಳೊಳಗಿನ ಜಾಗಗಳನ್ನಷ್ಟೇ ನೋಡಿ. ಕೊನೆಗೆ ನಿಮಗೆ ಸರಿಯೆನಿಸಿದ ಕನ್ನಡ ಪದವನ್ನು ಆ ಎಲ್ಲ ವಚನಗಳಲ್ಲೂ ಇಟ್ಟು ಓದಿ. ಹತ್ತರಲ್ಲಿ ಏಳೆಂಟು ಕಡೆ ಕೂತರೆ ಪದ ಗಟ್ಟಿ. ಒಂದೇ ಕಡೆ ಕೂತರೆ ನೀವು ನಿಮ್ಮ ಮನಸ್ಸಿನಲ್ಲಿದ್ದದ್ದನ್ನೇ ಓದಿಕೊಂಡಿದ್ದೀರಿ.

ದಿನಕ್ಕೆ ಒಂದು ವಚನ ಹಿಡಿದರೆ ವಾರದೊಳಗೆ ಕೀರ್ತನೆ ಮುಗಿಯುತ್ತದೆ. ಮೂರನೇ ವಚನಕ್ಕೆ ಮಾತ್ರ ಎರಡು ದಿನ ಇಟ್ಟುಕೊಳ್ಳಿ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಅಡಿಕೆ ಕೃಷಿಕ. ನೆರೆಮನೆಯವರ ಕನ್ನಡ ಬೈಬಲಿನಲ್ಲಿ 'ನೀರಿನ ಕಾಲುವೆಗಳ ಬಳಿಯಲ್ಲಿ ಬೆಳೆದಿರುವ ಮರ' ಎಂದು ನೋಡಿದೆ. ನಮ್ಮ ಕಡೆ ಕಾಲುವೆ ಬದಿಯಲ್ಲಿ ತಾನಾಗಿ ಬೆಳೆದ ಮರ ಅಂದರೆ ಕಡಿಯಬೇಕಾದ ಮರ. ಮೂಲದಲ್ಲೂ ಹಾಗೇ ಇದೆಯೇ?
— ಒಬ್ಬ ಓದುಗರು, ಪೆರ್ಲ

ಉತ್ತರ: ಇಲ್ಲ. ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದೀರಿ. ಹೀಬ್ರೂ ಪದ 'ಶಾತೂಲ್', ಅಂದರೆ ನೆಡಲ್ಪಟ್ಟದ್ದು. ಕನ್ನಡದ 'ಬೆಳೆದಿರುವ'ದಲ್ಲಿ ನೆಟ್ಟ ಕೈ ಮಾಯವಾಗಿದೆ.

ಇದೇ ವಚನವನ್ನು ಸುತ್ತಲಿನ ಭಾಷೆಗಳ ಹಳೆಯ ಅನುವಾದಗಳಲ್ಲಿ ನೋಡಿದರೆ ತಮಾಷೆ ಇದೆ. ಮಲಯಾಳದಲ್ಲಿ 'ಆಟ್ಟರಿಕತ್ತು ನಟ್ಟಿರಿಕ್ಕುನ್ನ' ಎಂದಿದೆ. ನೆಟ್ಟದ್ದು ಉಳಿದಿದೆ, ಆದರೆ ಕಾಲುವೆ ಹೋಗಿ ಹೊಳೆಯ ಬದಿ ಆಗಿದೆ. ಕನ್ನಡದಲ್ಲಿ ಕಾಲುವೆ ಉಳಿದು ನೆಟ್ಟದ್ದು ಹೋಗಿದೆ. ತಮಿಳಿನ 'ನೀರ್ಕ್ಕಾಲ್ಗಳಿನ್ ಓರಮಾಯ್ ನಡಪ್ಪಟ್ಟು' ಮತ್ತು ತೆಲುಗಿನ 'ನೀಟಿಕಾಲುವಲ ಯೋರನು ನಾಟಬಡಿನದೈ' ಎರಡನ್ನೂ ಉಳಿಸಿಕೊಂಡಿವೆ. ಕಾಸರಗೋಡಿನಲ್ಲಿ ಕೂತು ಕನ್ನಡ, ಮಲಯಾಳ ಎರಡನ್ನೂ ಓದುವವರಿಗೆ ಅರ್ಧರ್ಧ ಸೇರಿ ಪೂರ್ತಿ ಚಿತ್ರ ಸಿಗುತ್ತದೆ ಅನ್ನಿ.

ಈಗ ಪದವನ್ನು ಬಿಡಿಸೋಣ. ನೆಡುವುದಕ್ಕೆ ಹೀಬ್ರೂವಿನಲ್ಲಿ ಸಾಮಾನ್ಯ ಪದ 'ನಾಟಾ'. ಕವಿ ಅದನ್ನು ಬಿಟ್ಟು ಅಪರೂಪದ 'ಶಾತಲ್' ತೆಗೆದುಕೊಂಡಿದ್ದಾನೆ. ಈ ಅಪರೂಪದ ಪದಕ್ಕೆ ಒಂದು ಕಡೆಯಿಂದ ತಂದು ಇನ್ನೊಂದು ಕಡೆ ನಾಟಿ ಮಾಡುವುದು ಎಂಬ ಅರ್ಥ ಹೇಗೆ ಬಂತೆಂದು ಯೆಹೆಜ್ಕೇಲನ ಪುಸ್ತಕ ತೋರಿಸುತ್ತದೆ. 17ನೇ ಅಧ್ಯಾಯದ 22, 23ನೇ ವಚನಗಳಲ್ಲಿ ದೇವದಾರಿನ ತುದಿಯ ಎಳೆ ಚಿಗುರನ್ನು ಮುರಿದು ತಂದು ಬೆಟ್ಟದ ಮೇಲೆ ನೆಡುವ ಮಾತಿದೆ. 19ನೇ ಅಧ್ಯಾಯದಲ್ಲಿ ನೀರಿನ ಬಳಿ ಇದ್ದ ದ್ರಾಕ್ಷಿಬಳ್ಳಿಯನ್ನು ಕಿತ್ತು ಬೆಂಗಾಡಿನಲ್ಲಿ ನೆಟ್ಟರು ಎಂದಿದೆ. ಎರಡೂ ಕಡೆ ಇದೇ ಕ್ರಿಯಾಪದ.

ನಿಮ್ಮ ಮಾತಿನಲ್ಲೇ ಹೇಳುವುದಾದರೆ ಇದು ಅಡಿಕೆ ಸಸಿ. ಬಿತ್ತಡಿಕೆಯನ್ನು ನೇರ ತೋಟದಲ್ಲಿ ಯಾರೂ ಹಾಕುವುದಿಲ್ಲ. ಮೊದಲು ಪಾತಿಯಲ್ಲಿ ಮೊಳಕೆ, ಅಲ್ಲಿಂದ ಚೀಲಕ್ಕೆ ಅಥವಾ ಎರಡನೇ ಪಾತಿಗೆ, 12ರಿಂದ 18 ತಿಂಗಳು ಕಳೆದ ಮೇಲೆ 90 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿಗೆ, ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 2.7 ಮೀಟರ್ ಬಿಟ್ಟು. 'ಶಾತೂಲ್' ಎಂದಾಗ ಹಿಂದೆ ಒಂದು ಪಾತಿ ಇತ್ತು, ಮುಂದೆ ಒಂದು ಗುಂಡಿ ಇದೆ, ನಡುವೆ ಒಬ್ಬರ ಕೈ ಇದೆ. ಮರ ತಾನಾಗಿ ನೀರು ಹುಡುಕಿಕೊಂಡು ಹೋದದ್ದಲ್ಲ.

ಇನ್ನು ನೀರು. 'ಪಲ್ಗೇ ಮಾಯಿಮ್'. ಮಾಯಿಮ್ ಅಂದರೆ ನೀರು, ಪಲ್ಗೇ ಅಂದರೆ 'ಪೆಲೆಗ್' ಪದದ ಬಹುವಚನ. 'ಪೆಲೆಗ್' ಎಂಬುದು 'ಪಾಲಗ್', ಅಂದರೆ ಸೀಳು ಅಥವಾ ಪಾಲು ಮಾಡು ಎಂಬ ಕ್ರಿಯಾಪದದ ಜೊತೆಗಾರ. ಹೀಬ್ರೂವಿನಲ್ಲಿ ನದಿಗೆ 'ನಾಹಾರ್' ಇದೆ. ಮಳೆಗಾಲದಲ್ಲಿ ಸೊಕ್ಕಿ ಬೇಸಿಗೆಯಲ್ಲಿ ಕೈಕೊಡುವ ಹಳ್ಳಕ್ಕೆ 'ನಹಲ್' ಇದೆ. ಯೋಬನು ಕೈಬಿಟ್ಟ ಗೆಳೆಯರನ್ನು ಹೋಲಿಸುವುದು ಇದಕ್ಕೇ. ಕವಿ ಎರಡನ್ನೂ ಬಿಟ್ಟು ಪಾಲು ಮಾಡಿ ಹರಿಸಿದ ನೀರಿನ ಪದವನ್ನು ಹಿಡಿದಿದ್ದಾನೆ. ಜ್ಞಾನೋಕ್ತಿಗಳು 21ನೇ ಅಧ್ಯಾಯದ ಮೊದಲ ವಚನ ಇದನ್ನು ಸ್ಪಷ್ಟ ಮಾಡುತ್ತದೆ: ರಾಜನ ಹೃದಯ ದೇವರ ಕೈಯಲ್ಲಿ ಪಲ್ಗೇ ಮಾಯಿಮ್ ಇದ್ದಂತೆ, ಬೇಕಾದ ಕಡೆಗೆ ತಿರುಗಿಸುತ್ತಾನೆ. ಚಂದ್ರಗಿರಿ ಹೊಳೆಯನ್ನು ಬೇಕಾದ ಕಡೆಗೆ ತಿರುಗಿಸಲು ಯಾರಿಗಾದರೂ ಆಗುತ್ತದೆಯೇ? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬಂದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಹಾರೆಯಲ್ಲಿ ಒಂದು ಮುದ್ದೆ ಮಣ್ಣು ತೆಗೆದು ಈ ಕಣಿಗೆ, ಇನ್ನೊಂದು ಮುದ್ದೆ ಇಟ್ಟು ಆ ಕಣಿಗೆ ಬಿಡಲು ನಿಮ್ಮ ಮನೆಯ ಹುಡುಗನಿಗೂ ಆಗುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. 'ಪೆಲೆಗ್' ಬಂದ ಕಡೆಯೆಲ್ಲ ಮನುಷ್ಯ ತೋಡಿದ ಕಾಲುವೆಯೇ ಎಂದುಕೊಳ್ಳಬಾರದು. 119ನೇ ಕೀರ್ತನೆಯ 136ನೇ ವಚನದಲ್ಲಿ ಕಣ್ಣೀರು ಪಲ್ಗೇ ಮಾಯಿಮ್ ಆಗಿ ಇಳಿಯುತ್ತದೆ. ಕೆನ್ನೆಯ ಮೇಲೆ ಕಣಿ ಕಡಿದವರಿಲ್ಲ. ಒಂದನೇ ಕೀರ್ತನೆಯಲ್ಲಿ ಪಕ್ಕದಲ್ಲೇ 'ಶಾತೂಲ್' ಇರುವುದರಿಂದ ತೋಟದ ಚಿತ್ರ ಗಟ್ಟಿಯಾಗುತ್ತದೆ. ಪದದ ಅರ್ಥ ತೀರ್ಮಾನವಾಗುವುದು ನೆರೆಮನೆಯ ಪದದಿಂದ.

ಪ್ರಶ್ನೆ: ಅದೇ ವಚನದ ಕೊನೆಯಲ್ಲಿ 'ಮಾಡಿದ್ದೆಲ್ಲ ಸಫಲವಾಗುವುದು' ಎಂದಿದೆ. ಪ್ರಾರ್ಥನೆ ಮಾಡಿದರೆ ವ್ಯಾಪಾರ ಖಂಡಿತ ಕುದುರುತ್ತದೆ ಎಂದು ಇದನ್ನು ತೋರಿಸಿ ಹೇಳುವವರಿದ್ದಾರೆ.
— ಒಬ್ಬ ಓದುಗರು, ಕಾಸರಗೋಡು

ಉತ್ತರ: ಹಾಗೆ ಹೇಳುವವರು 'ಬೆಇತ್ತೋ' ಎಂಬ ಪದವನ್ನು ಹಾರಿಸಿದ್ದಾರೆ. 'ತನ್ನ ಕಾಲದಲ್ಲಿ' ಎಂದರ್ಥ. ಮರ ವರ್ಷವಿಡೀ ಕಾಯಿ ಬಿಡುತ್ತದೆ ಎಂದು ಕವಿ ಹೇಳಿಲ್ಲ. ಎಲೆ ವರ್ಷವಿಡೀ, ಕಾಯಿ ಕಾಲಕ್ಕೆ. ಮತ್ತೆ, 'ಮಾಡಿದ್ದೆಲ್ಲ' ಎಂಬಲ್ಲಿ ಕರ್ತೃ ಯಾರು? ಹೀಬ್ರೂ ವ್ಯಾಕರಣದಲ್ಲಿ ಅದು ಮನುಷ್ಯನೂ ಆಗಬಹುದು, ಮರವೂ ಆಗಬಹುದು. ಹೀಬ್ರೂವಿನಲ್ಲಿ ಮರ ಕಾಯಿ 'ಮಾಡುತ್ತದೆ'. 'ಆಸಾ' ಎಂಬ ಇದೇ ಕ್ರಿಯಾಪದ ಆದಿಕಾಂಡ 1:11ರಲ್ಲೂ ಯೆರೆಮೀಯ 17:8ರಲ್ಲೂ ಮರಕ್ಕೆ ಬಂದಿದೆ. ಕನ್ನಡದಲ್ಲಿ ಮರ ಕಾಯಿ 'ಬಿಡುತ್ತದೆ', ಹಾಗಾಗಿ ನಮ್ಮ ಅನುವಾದ 'ಅವನ ಕಾರ್ಯ' ಎಂದು ಮನುಷ್ಯನ ಕಡೆಗೆ ಬಾಗಬೇಕಾಯಿತು. ಮನುಷ್ಯ ಎಂದೇ ಹಿಡಿದರೂ ಅಂಗಡಿಯ ಗಲ್ಲಾಪೆಟ್ಟಿಗೆ ಈ ವಚನದ ಹತ್ತಿರ ಎಲ್ಲೂ ಇಲ್ಲ.

ಪ್ರಶ್ನೆ: 'ಹಗಲಿರುಳು ಧ್ಯಾನಿಸುವನು' ಎಂದರೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದೇ? ಕೆಲಸ ಮಾಡುವವರಿಗೆ ಇದು ಹೇಗೆ ಸಾಧ್ಯ?
— ಒಬ್ಬ ಓದುಗರು, ಕುಂಬಳೆ

ಉತ್ತರ: ಧ್ಯಾನ ಎಂದ ಕೂಡಲೇ ಕನ್ನಡದವರ ಕಣ್ಣೆದುರು ಪದ್ಮಾಸನ ಬಂದು ಬಿಡುತ್ತದೆ. ಹೀಬ್ರೂವಿನ 'ಹಾಗಾ' ಬಾಯಿಯ ಕೆಲಸ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಕಾಲೂರಿದ ಸಿಂಹ ಗುರುಗುಟ್ಟುವುದು ಹಾಗಾ. 38:14ರಲ್ಲಿ ಪಾರಿವಾಳ ಮುಲುಗುವುದು ಹಾಗಾ. 115ನೇ ಕೀರ್ತನೆಯ 7ನೇ ವಚನದಲ್ಲಿ ವಿಗ್ರಹಗಳ ಗಂಟಲಿನಿಂದ ಹೊರಡದ ಸದ್ದಿಗೂ ಇದೇ ಪದ. 37ನೇ ಕೀರ್ತನೆಯ 30ನೇ ವಚನದಲ್ಲಿ ನೀತಿವಂತನ ಬಾಯಿ ಜ್ಞಾನವನ್ನು ಹಾಗಾ ಮಾಡುತ್ತದೆ. ಗಂಟಲು, ನಾಲಿಗೆ, ತುಟಿ. ಕಣ್ಣಿನ ಸುದ್ದಿಯೇ ಇಲ್ಲ.

ಇದಕ್ಕೆ ಒಂದೇ ಕನ್ನಡ ಪದ ಸಿಗುವುದು ಕಷ್ಟ. 'ಜಪಿಸು' ಸದ್ದಿನ ಮಟ್ಟಿಗೆ ಹತ್ತಿರ, ಆದರೆ ಜಪದಲ್ಲಿ ಒಂದೇ ನಾಮ ಸುತ್ತುತ್ತಿರುತ್ತದೆ. 'ಮಣಮಣಿಸು' ಎಂದರೆ ಅರ್ಥವಾಗದ್ದನ್ನು ಹೇಳಿದ ಧ್ವನಿ ಬರುತ್ತದೆ. 'ಗುನುಗು' ಎಂದರೆ ಹಾಡು. ನಮಗೆ 'ಬಾಯಲ್ಲಿ ಆಡಿಸುತ್ತಿರುವುದು' ಎಂಬುದು ಎಲ್ಲಕ್ಕಿಂತ ಕಡಿಮೆ ತಪ್ಪಿನದು ಎನಿಸುತ್ತದೆ. ಬೀಡಿ ಕಟ್ಟುತ್ತಾ, ಅಡಿಕೆ ಸುಲಿಯುತ್ತಾ ತುಟಿಯಲ್ಲೇ ಒಂದು ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುವವರನ್ನು ನೋಡಿದ್ದೀರಲ್ಲ, ಅದು. ಕೈಗೆ ಕೆಲಸ ಇದ್ದರೆ ಅಡ್ಡಿಯಿಲ್ಲ. 'ಹಗಲೂ ರಾತ್ರಿ' ಸಾಧ್ಯವಾಗುವುದೇ ಹೀಗೆ.

ಮುಂದಿನ ಕೀರ್ತನೆಯ ಮೊದಲ ವಚನವನ್ನೂ ತೆರೆದು ನೋಡಿ. ಜನಾಂಗಗಳು ಬರಿದೇ ಸಂಚು ಮಾಡುವುದೇಕೆ ಎಂಬ ಪ್ರಶ್ನೆ ಅಲ್ಲಿದೆ. 'ಸಂಚು' ಎಂಬಲ್ಲಿ ಇರುವುದೂ ಇದೇ ಹಾಗಾ. ಮೊದಲ ಕೀರ್ತನೆಯಲ್ಲಿ ಒಬ್ಬ ಬೋಧೆಯನ್ನು ಬಾಯಲ್ಲಿ ಆಡಿಸುತ್ತಾನೆ, ಎರಡನೆಯದರಲ್ಲಿ ಗುಂಪು ಕೂತು ಗುಸುಗುಸು ಆಡುತ್ತದೆ. ಅಲ್ಲಿ 'ಧ್ಯಾನಿಸು' ಎಂದರೆ ಕನ್ನಡದ ಕಿವಿಗೆ ಒಗ್ಗದು, ಪದ ಬದಲಿಸಲೇಬೇಕು. ಬದಲಿಸಿದ ಕೂಡಲೇ ಎರಡು ಕೀರ್ತನೆಗಳ ಕೊಂಡಿ ಕಳಚುತ್ತದೆ. ಅನುವಾದಕರ ತಪ್ಪೇನೂ ಅಲ್ಲ. ಸಂಖ್ಯೆ 1897 ಹಿಡಿದು ಹೋದರೆ ಮಾತ್ರ ಕೊಂಡಿ ಮತ್ತೆ ಕಾಣುತ್ತದೆ.

ಪ್ರಶ್ನೆ: ನಮ್ಮ ಕಡೆ ಹೊಟ್ಟು ಅಂದರ ದನದ ಮೇವು. ತೊಗರಿ ಹೊಟ್ಟು, ಕಡಲಿ ಹೊಟ್ಟು ರೊಕ್ಕಾ ಕೊಟ್ಟು ತರತೀವಿ. ಮರಾಠಿ ಬೈಬಲಿನ್ಯಾಗೂ ಭೂಸಾ ಅಂತನ ಅದ. ಕೆಟ್ಟ ಮಂದಿಗೆ ಇಂಥ ಬೆಲೆ ಬಾಳು ವಸ್ತುವಿನ ಹೋಲಿಕೆ ಯಾಕ?
— ಒಬ್ಬ ಓದುಗರು, ಅಕ್ಕಲಕೋಟೆ

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು. ರಾಶಿ ಮಾಡಿದವರಿಗೆ ಮಾತ್ರ ಹೊಳೆಯುವಂಥದ್ದು.

ಹೀಬ್ರೂವಿನಲ್ಲಿ ಇದಕ್ಕೆ ಎರಡು ಪದ. ಎತ್ತುಗಳು ತುಳಿದೋ ಹಲಗೆ ಎಳೆದೋ ನುಗ್ಗಾದ, ದನ ತಿನ್ನುವ ಹುಲ್ಲಿನ ಚೂರಿಗೆ 'ತೆವೆನ್'. ಇಟ್ಟಿಗೆಯ ಮಣ್ಣಿಗೆ ಕಲಸುತ್ತಿದ್ದದ್ದೂ ಇದನ್ನೇ. ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿ ಫರೋಹನು ಇಸ್ರಾಯೇಲ್ಯರಿಗೆ ಕೊಡುವುದನ್ನು ನಿಲ್ಲಿಸಿದ್ದು ತೆವೆನ್ನೇ. ನಿಮ್ಮ ಭೂಸಾ ಅದು. ಒಂದನೇ ಕೀರ್ತನೆಯಲ್ಲಿರುವುದು 'ಮೋತ್ಸ್'. ಎಂಟು ಕಡೆ ಬಂದಿದೆ, ಎಂಟರಲ್ಲೂ ಹಾರಿಯೋ ಹೊಯ್ದಾಡಿಯೋ ಹೋಗುವ ಕೆಲಸ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಯಾವ ವಚನದಲ್ಲೂ ಯಾವ ದನವೂ ಅದನ್ನು ತಿಂದಿಲ್ಲ.

ಕಣದಲ್ಲಿ ತೂರುವುದನ್ನು ನೆನಪಿಸಿಕೊಳ್ಳಿ. ಬುಟ್ಟಿ ಎತ್ತಿ ಸುರಿದಾಗ ಕಾಳು ನೆಟ್ಟಗೆ ಕಾಲ ಬುಡಕ್ಕೆ ಬೀಳುತ್ತದೆ. ಭಾರದ ಹೊಟ್ಟು ನಾಲ್ಕಾರು ಮೊಳ ಆಚೆ ಗುಡ್ಡೆಯಾಗುತ್ತದೆ, ಅದನ್ನು ಬಾಚಿ ಬಣವಿಗೋ ಕೊಟ್ಟಿಗೆಗೋ ಒಯ್ಯುತ್ತೀರಿ. ಮೂರನೆಯದು ಒಂದಿದೆ: ಜೋಳದ ಸುಂಕು, ಸಿಪ್ಪೆಯ ಪುಡಿ, ಧೂಳು. ಮೈಗೆ ಹತ್ತಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ, ಗುಡ್ಡೆಯಾಗದೆ ಗಾಳಿಯ ಜೊತೆಗೇ ಹೋಗುವಂಥದ್ದು. ಮೋತ್ಸ್ ಎಂದರೆ ಈ ಮೂರನೆಯದು. ಹೊಶೇಯ 13:3 ಕಣದಿಂದ ಬಿರುಗಾಳಿ ಎತ್ತಿಕೊಂಡು ಹೋಗುವ ಮೋತ್ಸ್ ಎನ್ನುತ್ತದೆ. ಅಲ್ಲಿನ ಕಣಗಳೂ ಗಾಳಿ ಆಡುವ ಬಯಲಿನಲ್ಲೇ. ರೂತಳ ಕಥೆಯಲ್ಲಿ ಬೋವಜನು ಜವೆಗೋಧಿ ತೂರುವುದು ರಾತ್ರಿಯ ಹೊತ್ತು. ನೀವು ಗಾಳಿ ಬರುವ ತನಕ ಬುಟ್ಟಿ ಹಿಡಿದು ಕಾಯುವ ಹಾಗೆ ಅವರೂ ಕಾಯುತ್ತಿದ್ದರು.

ಕಾಸರಗೋಡಿನವರಿಗೆ ಒಂದು ಮಾತು. ಮಲಯಾಳ, ತಮಿಳು ಬೈಬಲುಗಳು ಇಲ್ಲಿ 'ಪತಿರ್', 'ಪದರ್' ಎನ್ನುತ್ತವೆ, ಅಂದರೆ ಜಳ್ಳು. ಜಳ್ಳು ಎಂದರೆ ಹಾಲು ಕಟ್ಟದೆ ಹೋದ ಭತ್ತ, ಹೊಟ್ಟು ಎಂದರೆ ಕಾಳಿನ ಹೊದಿಕೆ. ತೂರಿದರೆ ಎರಡೂ ಹಾರುತ್ತವೆ ಎಂಬುದು ನಿಜ. ಆದರೆ 'ಒಳಗೆ ಕಾಳೇ ಕಟ್ಟದವರು ದುಷ್ಟರು' ಎಂದು ಪತಿರ್ ಪದದ ಮೇಲೆ ಪ್ರಸಂಗ ಕಟ್ಟಿದರೆ ಅದು ಮಲಯಾಳದ ಮೇಲೆ ಕಟ್ಟಿದ್ದು, ಹೀಬ್ರೂವಿನ ಮೇಲಲ್ಲ.

ಇನ್ನೊಂದು ನೋಡಿ. ಮರಕ್ಕೆ ಕವಿ ಒಂದು ಇಡೀ ವಚನ, 17 ಪದ ಕೊಟ್ಟಿದ್ದಾನೆ: ಬೇರೆಡೆಯಿಂದ ತಂದದ್ದು, ನೀರು, ಕಾಯಿ, ಕಾಲ, ಎಲೆ. ಹೊಟ್ಟಿನ ಹೋಲಿಕೆ ನಾಲ್ಕೇ ಪದ: 'ಕಮ್ಮೋತ್ಸ್ ಅಶೆರ್ ತಿದ್ದೆಫೆನ್ನೂ ರೂಆಹ್'. ಕೊನೆಯ ಪದ ಗಾಳಿ. ವಚನವೂ ಅಲ್ಲಿಗೇ ಮುಗಿಯುತ್ತದೆ, ಹೇಳಲು ಏನೂ ಉಳಿದಿಲ್ಲ.

ಪ್ರಶ್ನೆ: ತಮಿಳು ಬೈಬಲಿನಲ್ಲಿ 'ಇಲೆ ಉದಿರಾದ' ಎಂದಿದೆ, ಕನ್ನಡದಲ್ಲಿ 'ಎಲೆ ಬಾಡದು'. ಯಾವುದು ಸರಿ?
— ಒಬ್ಬ ಓದುಗರು, ತಾಳವಾಡಿ

ಉತ್ತರ: ಎರಡೂ. 'ನಾವೇಲ್' ಎಂಬ ಕ್ರಿಯಾಪದದಲ್ಲಿ ಬಾಡಿ ಉದುರುವ ತನಕದ ಇಡೀ ಇಳಿಜಾರು ಇದೆ. ಕನ್ನಡ ಅದರ ಆರಂಭವನ್ನೂ ತಮಿಳು ಕೊನೆಯನ್ನೂ ಹಿಡಿದಿವೆ.

ಪ್ರಶ್ನೆ: ನಮ್ಮ ಕೂಟಕ್ಕೆ ಬಂದ ಒಬ್ಬರು, ಮೊದಲ ವಚನದ 'ಆಲೋಚನೆ' ಮತ್ತು ಮೂರನೇ ವಚನದ 'ಮರ' ಹೀಬ್ರೂವಿನಲ್ಲಿ ಒಂದೇ ಮೂಲದ ಪದಗಳು, ಆದ್ದರಿಂದ ಒಳ್ಳೆಯ ಆಲೋಚನೆಯೇ ಮರ ಎಂದು ವಿವರಿಸಿದರು. ಕೇಳಲು ಚೆನ್ನಾಗಿತ್ತು. ನಿಜವೇ?
— ಒಬ್ಬ ಓದುಗರು, ಬದಿಯಡ್ಕ

ಉತ್ತರ: ಕೇಳಲು ಚೆನ್ನಾಗಿದೆ, ಅಷ್ಟೇ. ಆಲೋಚನೆ 'ಏತ್ಸಾ', ಮರ 'ಏತ್ಸ್'. ಎರಡರಲ್ಲೂ ಅಯಿನ್, ತ್ಸಾದೆ ಎಂಬ ಅಕ್ಷರಗಳಿವೆ, ಹಾಗಾಗಿ ಕಣ್ಣಿಗೆ ಅಣ್ಣತಮ್ಮ. ಆದರೆ ಏತ್ಸಾ ಹುಟ್ಟಿದ್ದು 'ಯಾಅತ್ಸ್', ಅಂದರೆ ಸಲಹೆ ಕೊಡು ಎಂಬ ಕ್ರಿಯಾಪದದಿಂದ. ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ನಡದ 'ಅರಿ' ಪದದಲ್ಲಿ ತಿಳಿ, ಶತ್ರು ಎಂಬ ಎರಡೂ ಅರ್ಥ ಇದೆಯೆಂದು ತಿಳಿವಳಿಕೆಯೇ ಶತ್ರು ಎಂದ ಹಾಗಾಯಿತು. ಕವಿ ಕಿವಿಗೆ ಇಂಪಾಗಲೆಂದು ಎರಡೂ ಪದಗಳನ್ನು ಹತ್ತಿರ ತಂದಿರಬಹುದು. ಅದು ಪ್ರಾಸದ ಮಾತು, ಅರ್ಥದ್ದಲ್ಲ.

ಇದೇ ಜಾತಿಯ ಇನ್ನೊಂದು ಬಲೆ ಮೊದಲ ಪದದಲ್ಲೇ ಇದೆ. 'ಅಶ್ರೇ', ಅಂದರೆ ಧನ್ಯ, ಎಂಬುದಕ್ಕೆ 'ನಡೆ, ಹೆಜ್ಜೆಯಿಡು' ಎಂಬರ್ಥದ ಕ್ರಿಯಾಪದದ ಅಕ್ಷರಗಳೇ ಇವೆ. ಮುಂದಿನ ಪದಗಳಲ್ಲೇ ನಡೆಯುವುದು, ದಾರಿ ಎಲ್ಲ ಬರುವುದರಿಂದ 'ಅಶ್ರೇ ಎಂದರೆ ನೇರ ದಾರಿಯಲ್ಲಿ ನಡೆಯುವವನು' ಎನ್ನುವ ಆಸೆ ಯಾರಿಗೂ ಬರುತ್ತದೆ. ಕೀರ್ತನೆಗಳಲ್ಲಿ ಈ ಪದ ಬಂದ 26 ಕಡೆಗಳಲ್ಲಿ ಆ ಅರ್ಥವನ್ನು ಇಟ್ಟು ಓದಿ ನೋಡಿ. ಎಷ್ಟೋ ಕಡೆ ನಡಿಗೆಯ ಸುಳಿವೇ ಇಲ್ಲ. ಬೇರು ಪದದ ಅಜ್ಜನ ಮನೆಯನ್ನು ತೋರಿಸುತ್ತದೆ, ಈಗ ಎಲ್ಲಿ ವಾಸ ಎಂದು ಹೇಳುವುದಿಲ್ಲ.

ಮೂರನೆಯ ಬಲೆ, ಇಂದಿನ ಇಸ್ರೇಲಿನ ಆಡುಮಾತನ್ನು ಹಿಂದಕ್ಕೆ ಹೊತ್ತೊಯ್ಯುವುದು. ಈಗಿನ ಹೀಬ್ರೂವಿನಲ್ಲಿ 'ಲೇತ್ಸಾನ್' ಎಂದರೆ ಸರ್ಕಸ್ಸಿನ ವಿದೂಷಕ. ಮೊದಲ ವಚನದ 'ಲೇತ್ಸೀಮ್' ವಿದೂಷಕರಲ್ಲ. ಕನ್ನಡ ಬೈಬಲ್ 'ಧರ್ಮನಿಂದಕರು' ಎಂದಿದೆ. ಅದೂ ಸ್ವಲ್ಪ ದೊಡ್ಡ ಪದವೇ ಆಯಿತು; ಕೋರ್ಟಿನ ವಾಸನೆ ಬರುತ್ತದೆ. ಜ್ಞಾನೋಕ್ತಿ 21:24 ಲೇತ್ಸ್ ಎಂದರೆ ಸೊಕ್ಕಿನವನು ಎಂದು ತಾನೇ ವಿವರಿಸುತ್ತದೆ. 9ನೇ ಅಧ್ಯಾಯ ಇವನಿಗೆ ಬುದ್ಧಿ ಹೇಳಲು ಹೋಗಬೇಡ, ನಿನ್ನನ್ನೇ ದ್ವೇಷಿಸುತ್ತಾನೆ ಎನ್ನುತ್ತದೆ. ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಕೊಂಕು ಆಡುವ, ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳದ ಮನುಷ್ಯನನ್ನು ಎಣಿಸಿಕೊಂಡರೆ ಸಾಕು. ನಡೆದವನು ನಿಂತು, ನಿಂತವನು ಕೊನೆಗೆ ಕೂರುವುದು ಅವನ ಪಕ್ಕದಲ್ಲೇ.

ಪ್ರಶ್ನೆ: ತೆಲುಗಿನಲ್ಲಿ 'ಧನ್ಯುಡು', ಕನ್ನಡದಲ್ಲಿ 'ಧನ್ಯನು'. ಎರಡೂ ಒಂದೇ ಆಗಿರುವುದರಿಂದ ನಿಮ್ಮ ಲೆಕ್ಕದಲ್ಲಿ ಅಲ್ಲಿ ಗೆರೆ ಬೇಡವಲ್ಲವೇ?
— ಒಬ್ಬ ಓದುಗರು, ಮಡಕಶಿರಾ

ಉತ್ತರ: ಪದಕ್ಕೆ ಬೇಡ, ಜಾಗಕ್ಕೆ ಬೇಕು. ಹೀಬ್ರೂವಿನಲ್ಲಿ ಕೀರ್ತನೆ ಶುರುವಾಗುವುದೇ 'ಅಶ್ರೇ' ಎಂದು. ಕನ್ನಡ ವಾಕ್ಯದಲ್ಲಿ ಹೇಳಬೇಕಾದ ಮುಖ್ಯ ಮಾತು ಕೊನೆಗೆ ಬರಬೇಕು, ಹಾಗಾಗಿ ದುಷ್ಟರು, ಪಾಪಾತ್ಮರು, ನಿಂದಕರು ಎಲ್ಲರನ್ನೂ ದಾಟಿ ಎರಡನೇ ವಚನದ ತುದಿಯಲ್ಲಿ 'ಧನ್ಯನು' ಬರುತ್ತಾನೆ. ಓದುವವನಿಗೆ ಮೊದಲು ಸಿಗುವುದು ಬೇಡಗಳ ಸಾಲು. ಹೀಬ್ರೂ ಓದುವವನಿಗೆ ಮೊದಲು ಸಿಗುವುದು ಸಂತೋಷದ ಉದ್ಗಾರ. ಗಟ್ಟಿಯಾಗಿ ಓದುವಾಗ 'ಎಂಥ ಭಾಗ್ಯ ಅವನದು!' ಎಂದು ಮೊದಲೇ ಹೇಳಿ ಆಮೇಲೆ ವಚನಕ್ಕೆ ಇಳಿದರೆ ಈ ಕೊರತೆ ತುಂಬುತ್ತದೆ.

'ಬಾರೂಖ್' ಎಂಬ ಇನ್ನೊಂದು ಪದದ ಜೊತೆ ಇದನ್ನು ಬೆರೆಸಬಾರದು. ಬಾರೂಖ್ ಎಂದರೆ ಆಶೀರ್ವಾದ ಪಡೆದವನು, ಸ್ತುತಿಗೆ ಅರ್ಹನು. ದೇವರಿಗೂ ಹೇಳುತ್ತಾರೆ, ಮನುಷ್ಯರಿಗೂ. ಅಶ್ರೇಯನ್ನು ದೇವರಿಗೆ ಎಲ್ಲೂ ಹೇಳಿಲ್ಲ. ಅದು ಬದುಕಿದವನನ್ನು ಪಕ್ಕದಲ್ಲಿ ನಿಂತು ನೋಡಿದವನ ಬಾಯಿಂದ ಬರುವ ಮಾತು.

ಪ್ರಶ್ನೆ: ಕನ್ನಡ ಲಿಪಿಯಲ್ಲಿ ಹೀಬ್ರೂ ಬರೆದುಕೊಂಡರೆ ಉಚ್ಚಾರ ಸರಿಯಾಗುತ್ತದೆಯೇ?
— ಒಬ್ಬ ಓದುಗರು, ಉಪ್ಪಳ

ಉತ್ತರ: ಮುಕ್ಕಾಲು ಪಾಲು. ಆಲೆಫ್ ಮತ್ತು ಅಯಿನ್ ಎರಡಕ್ಕೂ ಕನ್ನಡದಲ್ಲಿ ಅ, ಇ, ಎ ಬಿಟ್ಟರೆ ಗತಿಯಿಲ್ಲ. ನಿಮ್ಮೂರಿನಲ್ಲಿ ಅರಬಿ ಓದುವ ಮಕ್ಕಳನ್ನು ಕೇಳಿ, ಅಲಿಫ್ ಮತ್ತು ಐನ್ ಬೇರೆ ಮಾಡಿ ಹೇಳಿಕೊಡುತ್ತಾರೆ. 'ದೆರೆಖ್'ನ ಖ್ ನಮ್ಮ ಮಹಾಪ್ರಾಣವಲ್ಲ, ಗಂಟಲು ಕೆರೆದ ಸದ್ದು. ಎರಡು ತಕಾರಗಳನ್ನು ಬೇರೆ ಗುರುತಿಸಲು ಒಂದಕ್ಕೆ ತ, ಇನ್ನೊಂದಕ್ಕೆ ಟ ಬಳಸಿ. ಉಚ್ಚಾರಕ್ಕಾಗಿ ಅಲ್ಲ, ನಿಘಂಟಿನಲ್ಲಿ ದಾರಿ ತಪ್ಪದಿರಲು. ಮೇಲೆ 'ನಾಟಾ' ಎಂದು ಬರೆದದ್ದು ಹಾಗೆ. ಕನ್ನಡದ 'ನಾಟು'ವಿಗೂ ಅದಕ್ಕೂ ನಂಟು ಹುಡುಕಲು ಹೊರಡಬೇಡಿ. ಇನ್ನೊಂದು ಚಿಕ್ಕ ಲೆಕ್ಕ: ಹಲವು ಕೀರ್ತನೆಗಳ ತಲೆಬರಹವನ್ನು ಹೀಬ್ರೂ ಬೈಬಲ್ ಮೊದಲ ವಚನವಾಗಿ ಎಣಿಸುತ್ತದೆ, ಹಾಗಾಗಿ ನಮ್ಮ 92:13 ಅಲ್ಲಿ 92:14. ಒಂದನೇ ಕೀರ್ತನೆಗೆ ತಲೆಬರಹವಿಲ್ಲ, ಈ ತೊಂದರೆಯೂ ಇಲ್ಲ.

ಪ್ರಶ್ನೆ: ಕೊನೆಯ ವಚನದಲ್ಲಿ ದುಷ್ಟರು ನಾಶವಾಗುವರು ಎಂದಿರಬೇಕಿತ್ತು. ಅವರ 'ದಾರಿ' ನಾಶವಾಗುತ್ತದೆ ಎಂದರೆ ಏನು?
— ಒಬ್ಬ ಓದುಗರು, ಮುಳ್ಳೇರಿಯ

ಉತ್ತರ: ಪದ 'ತೋವೇದ್', ಮೂಲ 'ಆವದ್'. ನಾಶವಾಗು ಎಂಬುದು ಅದರ ಒಂದು ಬಳಕೆ. ಇನ್ನೊಂದು, ಕಾಣೆಯಾಗು, ತಪ್ಪಿಹೋಗು. ಒಂದನೇ ಸಮುವೇಲ 9:3ರಲ್ಲಿ ಸೌಲನ ತಂದೆಯ ಕತ್ತೆಗಳು 'ಆವದ್' ಆಗುತ್ತವೆ; ಯಾರೂ ಅವನ್ನು ಕೊಂದಿಲ್ಲ, ಎಲ್ಲೋ ಹೋಗಿವೆ, ಹುಡುಕಲು ಮಗನನ್ನು ಕಳಿಸುತ್ತಾರೆ. 119ನೇ ಕೀರ್ತನೆಯ ಕೊನೆಯ ವಚನದ ತಪ್ಪಿಸಿಕೊಂಡ ಕುರಿಗೂ ಇದೇ ಪದ. ದಾರಿಯ ಜೊತೆ ಬಂದಾಗ ಈ ಎರಡನೆಯ ಅರ್ಥ ಚೆನ್ನಾಗಿ ಕೂರುತ್ತದೆ. ಗುಡ್ಡದಲ್ಲಿ ಜನ ನಡೆಯುವುದು ಬಿಟ್ಟ ಕಾಲುದಾರಿಯನ್ನು ನೋಡಿದ್ದೀರಲ್ಲ: ನಾಲ್ಕು ಮಳೆಗಾಲ ಕಳೆದರೆ ಮುಳಿಹುಲ್ಲು ಮುಚ್ಚಿ ಎಲ್ಲಿತ್ತೆಂದೇ ತಿಳಿಯದು. ವಚನದ ಮೊದಲರ್ಧ ಇದಕ್ಕೆ ಎದುರು ನಿಂತಿದೆ. ನೀತಿವಂತರ ದಾರಿಯನ್ನು ದೇವರು 'ಯೋದೇಅ', ಬಲ್ಲವನಾಗಿಯೇ ಇದ್ದಾನೆ. ಅಲ್ಲಿ ಓಡಾಟ ನಿಂತಿಲ್ಲ.

ಮೊದಲ ಪದ 'ಅಶ್ರೇ' ಶುರುವಾಗುವುದು ಹೀಬ್ರೂ ವರ್ಣಮಾಲೆಯ ಮೊದಲ ಅಕ್ಷರ ಆಲೆಫ್‌ನಿಂದ. ಕೊನೆಯ ಪದ 'ತೋವೇದ್' ಶುರುವಾಗುವುದು ಇಪ್ಪತ್ತೆರಡನೆಯ, ಕೊನೆಯ ಅಕ್ಷರ ತಾವ್‌ನಿಂದ. ಕಾಗದದ ಮೇಲೆ 67 ಪದಗಳನ್ನೂ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡವರು ಈ ಎರಡಕ್ಕೆ ಸುತ್ತು ಹಾಕಿಡಿ.